ನೀಲಿ ಬಾರದ ತಟ್ಟೆ

ಗಾಜಿನ ಟ್ಯೂಬು ಬಸ್ಸಿನ ಕುಲುಕಾಟಕ್ಕೆ ಸೀಳು ಬಿಟ್ಟಿರಬಹುದಿತ್ತು. ಫ್ಲಾಸ್ಕಿನೊಳಗಿನ ಐಸು ಜಾವಗಲ್ ದಾಟುವ ಮೊದಲೇ ಕರಗಿರಬಹುದಿತ್ತು. ಚೀಟಿಯ ಮೇಲಿನ ಶಾಯಿ ನೀರಿಗೆ ಕಲಸಿಹೋಗಿ ಮಾದಿಹಳ್ಳಿಯ ಹಸು ಬಾಣಾವರದ ಎಮ್ಮೆಯಾಗಿರಬಹುದಿತ್ತು. ಕರೆಂಟು ಹೋಗಿ ಫ್ರಿಜ್ಜು ಬೆಚ್ಚಗಾಗಿರಬಹುದಿತ್ತು. ನಾನು ಪಿಪೆಟ್ಟಿನಲ್ಲಿ ಗಾಳಿಗುಳ್ಳೆ ಎಳೆದುಕೊಂಡು, ಒಂದು ಸಾಲಿಗೆ ಹಾಕಬೇಕಾದ್ದನ್ನು ಪಕ್ಕದ ಸಾಲಿಗೆ ಹಾಕಿ, ಬಣ್ಣ ಬರುವ ಮೊದಲೇ ಆಸಿಡ್ಡು ಸುರಿದಿರಬಹುದಿತ್ತು. ಅರ್ಧ ಕೆಲಸದಲ್ಲಿ ನನಗೆ ತಲೆಸುತ್ತು ಬಂದು ತಟ್ಟೆಯ ಮೇಲೇ ಬಿದ್ದಿರಬಹುದಿತ್ತು. ಕಿಟಕಿಯ ಮೇಲೆ ದಿನಾ ಬಂದು ಕೂರುವ ಕೋತಿ ಆ ತಟ್ಟೆಯನ್ನು ಎತ್ತಿಕೊಂಡು ತೆಂಗಿನ ಮರ ಹತ್ತಿರಬಹುದಿತ್ತು.

ಕೊನೆಯದನ್ನು ನಮ್ಮ ಮುಖ್ಯಸ್ಥರಾದ ಪುಟ್ಟಸ್ವಾಮಿ ಸಾಹೇಬರ ಹತ್ತಿರ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಕೋತೀನೂ ಲಿಸ್ಟಿಗೆ ಸೇರಿಸಿಬಿಟ್ರಾ? ಒಳ್ಳೇದಾಯ್ತು. ರಿಜಿಸ್ಟರ್‌ನಲ್ಲಿ ಅದಕ್ಕೂ ಒಂದು ಕಾಲಂ ಹಾಕಿ" ಎಂದರು.

ಇವುಗಳಲ್ಲಿ ಒಂದೂ ಆಗಲಿಲ್ಲ.

ನಾನು ಅರಸೀಕೆರೆಯಲ್ಲಿ ದನಕರುಗಳ ರೋಗ ಪತ್ತೆಮಾಡುವ ಒಂದು ಪುಟ್ಟ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್ ಆಗಿದ್ದವಳು. ಬಾಣಾವರದಿಂದ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುತ್ತಿದ್ದೆ. ಅರವತ್ತಕ್ಕೆ ಇನ್ನೂ ಬೇಕಾದಷ್ಟು ದೂರವಿರುವಾಗಲೇ ಸ್ವಯಂ ನಿವೃತ್ತಿ ತೆಗೆದುಕೊಂಡೆ. ರಕ್ತದೊತ್ತಡವೆಂದು ಅರ್ಜಿಯಲ್ಲಿ ಬರೆದೆ. ಬೀಳ್ಕೊಡುಗೆಯ ದಿನ ಸಾಹೇಬರು, "ಇನ್ನು ಮನೇಲಿ ಕೂತು ಯಾವುದಕ್ಕೆ ಹೆದರ್ತೀರಿ?" ಎಂದು ಎಲ್ಲರೆದುರು ಕೇಳಿದರು. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇದೆ, ತಾರಸಿಯ ಮೇಲೆ ನೀರಿನ ಟ್ಯಾಂಕಿದೆ. ನನಗೆ ಕೆಲಸದ ಕೊರತೆ ಬಿದ್ದಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಕೆಲವರು ಈಗಲೂ ಫೋನು ಮಾಡುತ್ತಾರೆ. ಪುಸ್ತಕದಲ್ಲಿರುವುದನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು. ಪುಸ್ತಕದಲ್ಲಿ ಇಲ್ಲದ್ದು ಒಂದಿಷ್ಟಿದೆ, ಅದನ್ನು ಬರೆದಿಡೋಣವೆಂದು ಕೂತಿದ್ದೇನೆ.

ನಾನು ಸೇರಿದಾಗ ಎಲ್ಲವೂ ಗಾಜಿನ ಬಿಲ್ಲೆಯ ಮೇಲೆ ನಡೆಯುತ್ತಿತ್ತು. ಹಸು ತಿಂಗಳು ತುಂಬದೆ ಕಂದು ಹಾಕಿತೆಂದರೆ ಅದರ ರಕ್ತ ನಮ್ಮ ಬಳಿ ಬರುವುದು. ರಕ್ತ ಹೆಪ್ಪುಗಟ್ಟಿದಾಗ ಮೇಲೆ ನಿಲ್ಲುವ ಹೊಂಬಣ್ಣದ ತಿಳಿಯನ್ನು ಒಂದು ಹನಿ ತೆಗೆದು, ಅದಕ್ಕೆ ಗುಲಾಬಿ ಬಣ್ಣದ ದ್ರಾವಣ ಒಂದು ಹನಿ ಸೇರಿಸಿ ಕಡ್ಡಿಯಿಂದ ಕಲಸಬೇಕು. ಕಂದು ಹಾಕಿಸುವ ರೋಗವಿದ್ದರೆ ಹಾಲು ಒಡೆದ ಹಾಗೆ ಕಾಳುಕಾಳಾಗುತ್ತದೆ. ಆಗಿನ ನಮ್ಮ ಹಿರಿಯ ಸಾಹೇಬರೊಬ್ಬರು ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಒಡೀತು" ಎನ್ನುವರು. ನಾನು "ಇಲ್ಲ ಸಾರ್, ಸ್ವಲ್ಪ ಮಾತ್ರ" ಎನ್ನುವೆ. "ಸ್ವಲ್ಪ ಒಡೆದ ಹಾಲಲ್ಲಿ ಕಾಫಿ ಮಾಡ್ತೀಯೇನಮ್ಮಾ?" ಎಂದು ಅವರು ಕೇಳಿದರೆ ವಾದ ಮುಗಿಯಿತು.

ಆಮೇಲೆ ಎಲಿಸಾ ಎಂಬ ಹೊಸ ಪರೀಕ್ಷೆ ಬಂತು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ತೊಂಬತ್ತಾರು ಗುಳಿ. ಅಳಗುಳಿಮಣೆಯನ್ನು ಯಾರೋ ಪುಟ್ಟ ಗೊಂಬೆಗಳಿಗೆಂದು ಮಾಡಿಕೊಟ್ಟಂತೆ. ಗುಳಿಗಳ ತಳದಲ್ಲಿ ರೋಗಾಣುವಿನ ಅಂಶವನ್ನು ಮೊದಲೇ ಅಂಟಿಸಿರುತ್ತಾರೆ. ಹಸುವಿಗೆ ಆ ರೋಗ ತಗುಲಿದ್ದರೆ ಅದರ ರಕ್ತದಲ್ಲಿ ರೋಗಾಣುವನ್ನು ಗುರುತು ಹಿಡಿಯುವ ಒಂದು ಪ್ರೋಟೀನು, ಅಂದರೆ ಪ್ರತಿಕಾಯ, ಹುಟ್ಟಿರುತ್ತದೆ. ಅದು ಬಂದು ತಳದಲ್ಲಿ ಕೂರುತ್ತದೆ. ಆದರೆ ಕೂತದ್ದು ನಮಗೆ ಕಾಣುವುದಿಲ್ಲ. ನೀರು ಇದ್ದ ಹಾಗೇ ಇರುತ್ತದೆ.

ಬೇಲೂರಿನ ಗುಡಿಯೊಳಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಕತ್ತಲಲ್ಲಿ ಮೇಲೆ ನೋಡಿದರೆ ಬರೀ ಕಪ್ಪು. ಗೈಡು ಬಂದು ದೀಪ ಬಿಟ್ಟ ಮೇಲೆ, ಅಲ್ಲೇ ಇಷ್ಟು ಹೊತ್ತೂ ನಿಂತಿದ್ದ ಹೆಣ್ಣಿನ ಬಳೆ, ಬೆರಳು, ಓರೆನೋಟ ಎಲ್ಲ ಕಾಣುತ್ತದೆ. ನಮ್ಮ ತಟ್ಟೆಗೆ ಹಾಕುವ ಎರಡನೆಯ ಪ್ರತಿಕಾಯ ಆ ಗೈಡು. ಅದಕ್ಕೆ ರೋಗಾಣುವಿನ ಗೊಡವೆ ಇಲ್ಲ. ಹಸುವಿನ ಪ್ರತಿಕಾಯ ಎಲ್ಲಿ ಕೂತಿದೆಯೋ ಅಲ್ಲಿ ಹೋಗಿ ಕೈ ಹಿಡಿದುಕೊಳ್ಳುವುದಷ್ಟೇ ಅದರ ಕೆಲಸ. ಅದರ ಬೆನ್ನಿಗೆ ಒಂದು ಕಿಣ್ವ ಕಟ್ಟಿರುತ್ತಾರೆ. ಮೂಲಂಗಿಗೆ ದೂರದ ನೆಂಟನಾದ ಒಂದು ಖಾರದ ಗೆಡ್ಡೆಯಿಂದ ತೆಗೆದದ್ದು. ಹಿಡಿದುಕೊಳ್ಳಲು ಯಾರೂ ಸಿಗದೆ ಸುಮ್ಮನೆ ಅಲೆಯುವುದೆಲ್ಲ ತೊಳೆದಾಗ ಹೋಗುತ್ತದೆ. ಉಳಿದದ್ದರ ಮೇಲೆ ಬಣ್ಣದ ದ್ರಾವಣ ಬಿಟ್ಟರೆ ಆ ಕಿಣ್ವ ಅದನ್ನು ನೀಲಿ ಮಾಡುತ್ತದೆ. ನೀಲಿ ಬಂದರೆ ರೋಗ ಉಂಟು. ಬಾರದಿದ್ದರೆ ಇಲ್ಲ.

ಆ ನೀಲಿ ಬರುವ ಕಾಲು ಗಂಟೆ ನನ್ನ ಇಡೀ ನೌಕರಿಯಲ್ಲಿ ನಾನು ಹೆದರದೆ ಕಳೆದ ಸಮಯ. ತಟ್ಟೆಯನ್ನು ಕತ್ತಲಲ್ಲಿ ಇಡಬೇಕೆಂದು ರಟ್ಟಿನ ಪೆಟ್ಟಿಗೆ ಮುಚ್ಚಿ, ಅದರ ಅಂಚನ್ನು ಒಂದಿಷ್ಟೇ ಎತ್ತಿ ಇಣುಕುತ್ತಿದ್ದೆ. ಹೊರಗೆ ಸ್ಟೇಷನ್ನಿನ ಮೈಕಿನಲ್ಲಿ ಯಾವುದೋ ಗಾಡಿ ತಡವೆಂದು ಮೂರು ಭಾಷೆಯಲ್ಲಿ ಹೇಳುತ್ತಿರುತ್ತಾರೆ. ಗೂಡ್ಸು ಹಾದುಹೋದರೆ ಬೆಂಚು ಸಣ್ಣಗೆ ನಡುಗಿ ಗುಳಿಗಳ ನೀರಲ್ಲಿ ಉಂಗುರ ಏಳುತ್ತದೆ. ಮಾಲೇಕಲ್ಲು ಬೆಟ್ಟ ಹತ್ತಿ ನಿಂತರೆ ಕೆಳಗೆ ಅಲ್ಲೊಂದು ಇಲ್ಲೊಂದು ಕೆರೆ ಆಕಾಶವನ್ನು ತುಂಬಿಕೊಂಡು ಮಲಗಿರುತ್ತವಲ್ಲ, ಹಾಗೆ ಒಂದೊಂದೇ ಗುಳಿ ನೀಲಿಯಾಗುತ್ತದೆ. ಒಂದು ಕೆರೆ ತುಂಬಿತು, ಪಕ್ಕದ್ದು ಬತ್ತಿದೆ, ಅದರಾಚೆಯದ್ದು ಈಗಷ್ಟೇ ತುಂಬುತ್ತಿದೆ. ಆ ಹೊತ್ತಿನಲ್ಲಿ ಯಾರಾದರೂ ಕರೆದರೆ ನನಗೆ ಕೇಳಿಸುತ್ತಿರಲಿಲ್ಲ. ಸಾಹೇಬರು, "ಮೇಡಂ ಕೆರೆಗೆ ಹೋಗಿದಾರೆ, ಆಮೇಲೆ ಬನ್ನಿ" ಎಂದು ಬಂದವರನ್ನು ಹೊರಗೆ ಕೂರಿಸುತ್ತಿದ್ದರು.

ಹೀಗಿರುವಾಗ ಒಂದು ಸೋಮವಾರ ಮಾದಿಹಳ್ಳಿಯ ಜಯಮ್ಮ ಬಂದರು. ಊರಿನ ಪಶುವೈದ್ಯರು ಕೊಟ್ಟ ಫ್ಲಾಸ್ಕನ್ನು ಸೆರಗಿನೊಳಗೆ ಮಗುವಿನ ಹಾಗೆ ಹಿಡಿದಿದ್ದರು. ಅವರ ಹಸು ಗಂಗೆ ಎಂಟನೆಯ ತಿಂಗಳಿಗೆ ಕಂದು ಹಾಕಿತ್ತು. ಕರು ಸತ್ತು ಹುಟ್ಟಿದರೂ ಹಾಲು ಇಳಿದಿತ್ತು.

"ಹಾಲು ಏನ್ಮಾಡ್ತಿದೀರಿ?" ಎಂದೆ.

"ಮಗ್ಳು ಹೆರಿಗೇಗೆ ಬಂದವ್ಳೆ ಕಣವ್ವ, ಆರು ತುಂಬೈತೆ. ಬೆಳಿಗ್ಗೆ ಎದ್ದ ತಕ್ಷಣ ಒಂದು ಲೋಟ ನೊರೆಹಾಲು ಕೊಡ್ತೀನಿ."

ಕೆಚ್ಚಲಿನಿಂದ ಕರೆದು ಹಾಗೇ, ಕಾಯಿಸದೆ, ನೊರೆ ಆರುವ ಮೊದಲು ಕುಡಿಸುವ ಹಾಲು. ಈ ರೋಗ ಹಸಿಹಾಲಿನಲ್ಲಿ ಮನುಷ್ಯರಿಗೆ ಬರುತ್ತದೆ. ಬಸುರಿಗೆ ಬಂದರೆ ಹಸುವಿಗೆ ಆದದ್ದೇ ಅವಳಿಗೂ ಆಗಬಹುದು.

"ಕಾಯಿಸಿ ಕೊಡಿ ಜಯಮ್ಮೋರೆ. ಇವತ್ತಿಂದ್ಲೇ."

"ನಾನೇನೋ ಕಾಯ್ಸೇನು. ಬೀಗಿತ್ತಿ ಬಂದು ಕೂತವ್ಳೆ. ಅವ್ಳ ಮಗಂಗೂ ಮಗ್ಳಿಗೂ ನೊರೆಹಾಲು ಕುಡ್ಸೇ ಸಾಕಿದ್ದಂತೆ. ಬಸುರಿ ಹುಡ್ಗಿಗೆ ಒಂದು ಲೋಟ ಹಾಲು ಕೊಡಕ್ಕೆ ತಾಯಿ ಹಿಂದೆಮುಂದೆ ನೋಡ್ತಾಳೆ ಅಂತ ಊರೆಲ್ಲ ಸಾರ್ತಾಳೆ. ರೋಗ ಐತೆ ಅಂತ ಕಾಗ್ದ ಕೊಡಿ, ಅವ್ಳ ಮುಂದೆ ಹಿಡಿತೀನಿ. ಬರೀ ಬಾಯಿ ಮಾತಿಗೆ ಅವ್ಳು ಬಗ್ಗೋಳಲ್ಲ."

"ನಾಳೆ ಸಂಜೆಗೆ ಗೊತ್ತಾಗತ್ತೆ."

"ಹಂಗಾರೆ ಬತ್ತೀನಿ" ಎಂದು ಫೋನ್ ನಂಬರು ಬರೆಸಿ ಹೋದರು.

ಮಂಗಳವಾರ ತಟ್ಟೆ ಹಾಕಿದೆ. ಬೇರೆ ಊರಿನ ಹಸುಗಳದ್ದೂ ಸೇರಿ ಒಂದಿಷ್ಟು ಸ್ಯಾಂಪಲ್ ಇತ್ತು. ಪ್ರತಿ ತಟ್ಟೆಯಲ್ಲೂ ಮೊದಲ ಗುಳಿಗಳಿಗೆ ರೋಗವಿದೆಯೆಂದು ಮೊದಲೇ ಗೊತ್ತಿರುವ ತಿಳಿಯನ್ನು ಹಾಕಬೇಕು. ಅದು ನೀಲಿಯಾದರೆ ಮಾತ್ರ ಉಳಿದವುಗಳ ಮಾತು ನಂಬಬಹುದು. ಎರಡನೆಯ ಪ್ರತಿಕಾಯ ಹಾಕಿದೆ, ತೊಳೆದೆ, ಬಣ್ಣ ಬಿಟ್ಟೆ, ಪೆಟ್ಟಿಗೆ ಮುಚ್ಚಿದೆ. ಅಂಚೆತ್ತಿ ಇಣುಕಿದೆ. ಗೂಡ್ಸು ಹೋಯಿತು, ಉಂಗುರಗಳು ಎದ್ದು ಅಡಗಿದವು. ಎಲ್ಲ ಗುಳಿಯಲ್ಲೂ ತಿಳಿನೀರು. ಕಾಲು ಗಂಟೆಯಾಯಿತು. ಇಪ್ಪತ್ತು ನಿಮಿಷವಾಯಿತು. ಒಂದು ಕೆರೆಯೂ ತುಂಬಲಿಲ್ಲ. ರೋಗವಿದೆಯೆಂದು ಗೊತ್ತಿದ್ದ ಗುಳಿಯೂ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ನೀರಾಗಿಯೇ ಕೂತಿತ್ತು.

ಸಾಹೇಬರು ಬಂದು ಬಗ್ಗಿ ನೋಡಿದರು. "ಎಲ್ಲಾ ಕ್ಲೀನಾಗಿದೆಯಲ್ರೀ. ಸಂತೋಷ. ಬೇಲೂರಿನ ಆಫೀಸಿನೋರು ಬೆಳಿಗ್ಗೆಯಿಂದ ಎರಡು ಸಲ ಫೋನ್ ಮಾಡಿದಾರೆ. ನೆಗೆಟಿವ್ ಅಂತ ಬರೀರಿ."

"ಸಾರ್, ರೋಗ ಇರೋದಕ್ಕೇ ಬಣ್ಣ ಬಂದಿಲ್ಲ."

"ಆ ಬಾಟಲಿ ಹಳೇದಿರಬೇಕು."

"ಹೋದ ವಾರ ಚೆನ್ನಾಗಿ ಬಂದಿತ್ತು ಸಾರ್."

"ನಿಮ್ಮ ಹೆದರಿಕೆ ನಂಬಿಕೊಂಡ್ರೆ ನಾನು ಒಂದು ರಿಪೋರ್ಟೂ ಕಳಿಸೋ ಹಾಗಿಲ್ಲ" ಎಂದು ಅವರು ನಕ್ಕರು. ಕೆಟ್ಟವರಲ್ಲ. ಮೇಲಿನವರ ಒತ್ತಾಯ, ಕೆಳಗಿನವರ ಆತಂಕ, ಎರಡರ ನಡುವೆ ಕೂತು ವೀಳ್ಯದೆಲೆಯಂತೆ ಬಾಡುತ್ತಿದ್ದವರು. ನಾನು ಪೆನ್ನು ತೆಗೆಯಲಿಲ್ಲ. ಅಷ್ಟು ವರ್ಷದಲ್ಲಿ ಅವರ ಮಾತಿಗೆ ನಾನು ಒಪ್ಪದೆ ನಿಂತದ್ದು ಅದೇ ಮೊದಲು. ಅವರು ಕನ್ನಡಕ ಏರಿಸಿಕೊಂಡು, "ಸರಿ, ಇನ್ನೊಂದು ದಿನ" ಎಂದು ಹೋದರು.

ಸಂಜೆ ಜಯಮ್ಮನಿಗೆ ಫೋನು ಮಾಡಿದೆ. ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಅವರು "ಹಲೋ" ಎಂದ ಕೂಡಲೇ ಚೀಟಿ ಮರೆತುಹೋಯಿತು. "ಜಯಮ್ಮೋರೆ, ಇಲ್ಲ ಅಂತ ಬಂದಿದೆ, ಆದ್ರೆ ಅದು ಇಲ್ಲ ಅಂತ ಅಲ್ಲ, ಇದೆ ಅಂತಾನೂ ಅಲ್ಲ, ತಟ್ಟೇನೇ ಸರಿಯಿಲ್ಲ, ದಯವಿಟ್ಟು ಕಾಯಿಸಿ, ದೇವರಾಣೆ ಕಾಯಿಸಿ, ನಾನು ಕಾಗದ ಕಳಿಸ್ತೀನಿ, ಅಲ್ಲೀವರೆಗೂ…"

ಆ ಕಡೆ ದೂರದಲ್ಲಿ ಯಾರೋ ಹೆಂಗಸು ಕರುವನ್ನೋ ಮಗುವನ್ನೋ ಗದರಿಸುತ್ತಿದ್ದದ್ದು ಕೇಳಿಸಿತು.

"ಕಾಗ್ದ ಬರ್ಲಿ ಬುಡಿ" ಎಂದು ಜಯಮ್ಮ ಫೋನಿಟ್ಟರು.

ಬುಧವಾರ ರೋಗವಿದೆಯೆಂದು ಗೊತ್ತಿದ್ದ ತಿಳಿಯ ಹೊಸ ಬಾಟಲಿ ತೆರೆದು ಇನ್ನೊಂದು ತಟ್ಟೆ ಹಾಕಿದೆ. ಮತ್ತೆ ತಿಳಿನೀರು. ಸಾಹೇಬರು ಈ ಸಲ ನಗಲಿಲ್ಲ. "ಮೂಲಂಗಿ ಸತ್ತಿರಬೇಕು ಕಣ್ರೀ" ಎಂದರು, ಕಿಣ್ವವನ್ನು ಅವರು ಹಾಗೆಯೇ ಕರೆಯುವುದು. ಹೊಸ ಕಿಟ್ ತರಿಸಲು ಎರಡು ವಾರ. ಎರಡು ವಾರವೆಂದರೆ ಹದಿನಾಲ್ಕು ಲೋಟ ಎಂದು ನನ್ನ ಮನಸ್ಸು ಲೆಕ್ಕ ಹಾಕಿತು. ಅಂದು ಊಟದ ಡಬ್ಬಿ ಬಿಚ್ಚಲಿಲ್ಲ. ಹಗಲಲ್ಲೇ ಒಂದು ಥರದ ಮಂಪರು. ಕಣ್ಣು ಮುಚ್ಚಿದರೆ ಕಾಣದ ಹುಡುಗಿಯೊಬ್ಬಳು ಬಿಳಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗಿಡುತ್ತಿದ್ದಳು, ತುಟಿಯ ಮೇಲೆ ನೊರೆಯ ಗೆರೆ ಉಳಿಯುತ್ತಿತ್ತು.

ಹೊಸಬರು ಇದೊಂದನ್ನು ನೆನಪಿಟ್ಟುಕೊಳ್ಳಿ. ಬಣ್ಣ ಬಾರದಿದ್ದರೆ ತಟ್ಟೆಯ ಮೇಲೆ ತಟ್ಟೆ ಹಾಕಬೇಡಿ. ಒಂದೊಂದು ಹನಿಯನ್ನೂ ಕರೆದು ವಿಚಾರಿಸಿ. ಗುರುವಾರ ಬೆಳಿಗ್ಗೆ ನಾನು ಹಾಗೆ ಮಾಡಿದೆ. ಎರಡನೆಯ ಪ್ರತಿಕಾಯವನ್ನು ಅದರ ಮೂಲ ಬಾಟಲಿಯಿಂದ ಒಂದೇ ಹನಿ ತೆಗೆದು ಬಿಳಿಯ ಬಟ್ಟಲಿಗೆ ಬಿಟ್ಟು, ಅದರ ಮೇಲೆ ಬಣ್ಣದ ದ್ರಾವಣ ಒಂದು ಹನಿ ಬಿಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ನೀಲಿ. ದ್ವಾರಸಮುದ್ರದ ಕೆರೆಯ ಮೇಲೆ ಒಮ್ಮೊಮ್ಮೆ ಮಿಂಚುಳ್ಳಿ ಹಾರಿದಾಗ ನೀರಿನ ಮೇಲೆ ಗೆರೆ ಎಳೆದಂತಾಗುತ್ತದಲ್ಲ, ಆ ನೀಲಿ. ಮೂಲಂಗಿ ಬದುಕಿತ್ತು.

ಇನ್ನೊಂದು ಬಟ್ಟಲಲ್ಲಿ ಅದೇ ಎರಡು ಹನಿ, ಜೊತೆಗೆ ತೊಳೆಯಲು ಬಳಸುವ ಉಪ್ಪುನೀರು ಒಂದು ಹನಿ. ಕಾದೆ. ಏನೂ ಇಲ್ಲ. ಬೆರಳಿಂದ ಬಟ್ಟಲನ್ನು ಅಲ್ಲಾಡಿಸಿದೆ. ಏನೂ ಇಲ್ಲ. ತೊಳೆಯುವುದಕ್ಕೂ ಎರಡನೆಯ ಪ್ರತಿಕಾಯವನ್ನು ತೆಳು ಮಾಡುವುದಕ್ಕೂ ಆ ಒಂದೇ ಬಾಟಲಿಯ ನೀರನ್ನು ನಾನು ಬಳಸಿದ್ದೆ. ಆ ನೀರು ಕಿಣ್ವದ ಬಾಯಿ ಕಟ್ಟಿತ್ತು. ಯಾಕೆಂದು ಅಲ್ಲೇ ನಿಂತಲ್ಲೇ ನನಗೆ ಗೊತ್ತಾಯಿತು. ಅದನ್ನು ಈಗಲೇ ಹೇಳಲು ನಾಚಿಕೆ, ಸ್ವಲ್ಪ ತಾಳಿ.

ಬಾಟಲಿಯನ್ನು ಸಿಂಕಿಗೆ ಸುರಿಯುವ ಮೊದಲು ರಿಜಿಸ್ಟರ್ ತೆಗೆದು ನೋಡಿದೆ. ಸೋಮವಾರ ಸಂಜೆ ಕಲಸಿದ್ದು, ಅದರ ಹಿಂದಿನ ಯಾವ ಪರೀಕ್ಷೆಗೂ ತಾಗಿಲ್ಲ. ಸಾಹೇಬರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು, "ಕೋತಿ ಮೇಲೆ ಸುಮ್ನೆ ಅಪವಾದ ಹೊರಿಸಿದ್ರಿ" ಎಂದರು. ಆಮೇಲೆ ಎದ್ದು ಬಂದು ಹೊಸ ನೀರು ಕಲಸಲು ತಾವೇ ಜಾರ್ ಹಿಡಿದುಕೊಂಡು ನಿಂತರು.

ಮೂರನೆಯ ತಟ್ಟೆ. ಪೆಟ್ಟಿಗೆಯ ಅಂಚೆತ್ತಿದಾಗ ಮೊದಲ ಗುಳಿಗಳು ನೀಲಿಯಾಗುತ್ತಿದ್ದವು. ರೋಗವಿಲ್ಲವೆಂದು ಗೊತ್ತಿದ್ದವು ತಿಳಿಯಾಗಿಯೇ ಇದ್ದವು. ಮೂರನೆಯ ಸಾಲಿನ ನಾಲ್ಕನೆಯದು ಗಂಗೆಯದು. ಅದು ಮೊದಲು ಏನೂ ಹೇಳಲಿಲ್ಲ. ಆಮೇಲೆ ಮಂಜಿನಲ್ಲಿ ಬೆಟ್ಟ ತೋರುವಂತೆ ಮೆಲ್ಲಗೆ, ಮೆಲ್ಲಗೆ ಬಂತು. ಪಕ್ಕದವುಗಳನ್ನೆಲ್ಲ ಹಿಂದೆ ಹಾಕಿ ಕಡುನೀಲಿಯಾಯಿತು. ಇಷ್ಟು ಚೆಂದದ ಬಣ್ಣ ಇಂಥ ಸುದ್ದಿಗೆ ಯಾಕಿರಬೇಕು ಎಂದು ಪ್ರತಿಸಲದಂತೆ ಅಂದೂ ಅನ್ನಿಸಿತು. ಬಣ್ಣ ಏರುವುದನ್ನು ನಿಲ್ಲಿಸುವ ಆಸಿಡ್ಡು ಹಾಕಿದೆ, ನೀಲಿ ಅರಿಶಿನವಾಯಿತು, ಯಂತ್ರ ಅಂಕಿ ಕೊಟ್ಟಿತು. ಸಾಹೇಬರು ನಿಂತೇ ಸಹಿ ಹಾಕಿದರು. "ಪೋಸ್ಟಲ್ಲಿ ಬೇಡ. ನೀವೇ ಹೋಗಿ. ಇಲ್ಲೇ ಇದ್ರೆ ಬಸ್ಸು ಪಂಚರ್ ಆಯ್ತೇನೋ ಅಂತ ಒದ್ದಾಡ್ತೀರಿ."

ಬಸ್ಸು ಪಂಚರಾಗಲಿಲ್ಲ. ಮಾದಿಹಳ್ಳಿಯಲ್ಲಿ ಇಳಿದಾಗ ಗದ್ದೆಗಳ ಮೇಲೆ ಇಳಿಬಿಸಿಲು. ಜಯಮ್ಮನ ಜಗಲಿಯಲ್ಲಿ ಬೀಗಿತ್ತಿ ಅವರೆಕಾಯಿ ಸುಲಿಯುತ್ತಿದ್ದರು. ಮಗಳು ಸವಿತಾ ಕಂಬಕ್ಕೊರಗಿ ಕೂತಿದ್ದಳು. ನನ್ನ ಮಂಪರಿನಲ್ಲಿ ಕಂಡ ಹುಡುಗಿಗಿಂತ ಗಟ್ಟಿಮುಟ್ಟು, ಫೋನಿನಲ್ಲಿ ಏನೋ ನೋಡಿ ನಗುತ್ತಿದ್ದಳು. ಜಯಮ್ಮ ಕಾಗದ ಇಸಕೊಂಡು ಬೀಗಿತ್ತಿಯ ಮುಂದೆ ಹಿಡಿದು, "ಓದಿ" ಎಂದರು. ಆಕೆ ಓದಿ, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿ, ಕಾಯಿಯ ಮೊರವನ್ನು ಎತ್ತಿಕೊಂಡು ಒಳಗೆ ಹೋದರು.

ಗಂಗೆಯನ್ನು ಬೇರೆ ಕಟ್ಟಬೇಕು, ಮಾರಬಾರದು, ಡೈರಿಗೆ ಹಾಲು ಹಾಕಬಾರದು, ಸವಿತಾಳನ್ನು ನಾಳೆಯೇ ಬೇಲೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು ಎಂದು ಹೇಳಿದೆ. ಅವಳಿಗೇನೂ ತಗುಲಿಲ್ಲವೆಂಬುದು ತಿಳಿದದ್ದು ಎಷ್ಟೋ ದಿನವಾದ ಮೇಲೆ. ಆ ಸಂಜೆ ನನ್ನ ತಲೆಯಲ್ಲಿದ್ದದ್ದು ಮಂಗಳವಾರದಿಂದೀಚೆಗಿನ ಎರಡು ಬೆಳಗು, ಎರಡು ಲೋಟ. ಹಸಿಹಾಲೇ ಕೊಟ್ಟಿರಾ ಎಂದು ಕೇಳದೆ ಇರಲಾಗಲಿಲ್ಲ.

ಜಯಮ್ಮ ನನ್ನನ್ನು ಕೊಟ್ಟಿಗೆಯ ಕಡೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು.

"ನೀವು ಫೋನು ಮಾಡಿದ್ರಲ್ಲ, ಅವತ್ತಿಂದ ಹಸಿಹಾಲು ಕೊಟ್ಟಿಲ್ಲ ಕಣವ್ವ. ನಸುಕಲ್ಲೇ ಕರ್ದು, ಹಿತ್ಲಲ್ಲಿ ಚೆನ್ನಾಗಿ ಉಕ್ಕಿಸಿ, ಆರ್ಸಿ, ಈ ಚೊಂಬಿಂದ ಆ ಚೊಂಬಿಗೆ ಎತ್ರದಿಂದ ಹುಯ್ದು ಹುಯ್ದು ನೊರೆ ಬರ್ಸಿ ತಂದ್ಕೊಟ್ಟೆ. ಬೀಗಿತ್ತಿ ನೊರೆ ನೋಡಿ, ಈಗ ಸರಿ ಅಂದ್ಲು."

"ಕಾಗದ ಇಲ್ದೇನೇ?"

"ಕಾಗ್ದದೋರು ಯಾರಾದ್ರೂ ಅಷ್ಟು ನಡುಗ್ತಾ ಮಾತಾಡ್ತಾರಾ? ಏನೋ ಐತೆ ಅಂತ ಅಲ್ಲೇ ತಿಳೀತು." ಅವರು ಗಂಗೆಯ ಕತ್ತು ಸವರಿದರು. ಅದು ನನ್ನ ಕಡೆ ತಿರುಗಿ ಒಮ್ಮೆ ನೋಡಿ ಮೆಲುಕು ಹಾಕುವುದನ್ನು ಮುಂದುವರಿಸಿತು. "ಅದಿರ್ಲಿ, ನಾಳೆ ಅಂದೋರು ಮೂರು ದಿನ ಯಾಕೆ ಮಾಡಿದ್ರಿ? ಮಿಷನ್ನು ಕೆಟ್ಟಿತ್ತಾ?"

ಕೆಟ್ಟಿತ್ತು ಎಂದಿದ್ದರೆ ಅವರು ನಂಬುತ್ತಿದ್ದರು. ಬಾಯಿಯವರೆಗೂ ಬಂದಿತ್ತು.

"ಇಲ್ಲ ಜಯಮ್ಮೋರೆ. ನೀವು ಬಂದು ಹೋದ್ರಲ್ಲ, ಆವತ್ತು ಸಂಜೆ ನಿಮ್ಮ ಮಗಳ ವಿಷಯ ನೆನೆಸಿಕೊಂಡು ನನಗೆ ವಿಪರೀತ ಹೆದರಿಕೆ ಆಯ್ತು. ತೊಳೆಯೋ ನೀರು ಹೊಸದಾಗಿ ಕಲಸಿದ್ದೆ. ಅದರಲ್ಲಿ ಬೂಷ್ಟು ಬಂದ್ಬಿಟ್ರೆ ಅಂತ, ಬೂಷ್ಟು ಬರದ ಹಾಗೆ ಹಾಕೋ ಬಿಳೀ ಪುಡಿ ಒಂದಿದೆ, ಅದನ್ನ ಹಾಕಿದೆ. ಹಳೇ ಕಾಲದ ಪರೀಕ್ಷೆಗೆ ನಾವೆಲ್ಲ ಹಾಕ್ತಾ ಇದ್ವಿ, ಒಳ್ಳೇದೇ ಆಗ್ತಿತ್ತು. ಈ ಹೊಸದಕ್ಕೆ ಅದು ವಿಷ. ಹಾಕಬೇಡಿ ಅಂತ ಕಿಟ್ಟಿನ ಕಾಗದದಲ್ಲಿ ಬರೆದೂ ಇದೆ. ಓದಿದ್ದೆ. ಆದ್ರೂ ಕೈ ಹೋಯ್ತು."

"ಎಷ್ಟು ಹಾಕಿದ್ರಿ?"

ಹೆಬ್ಬೆರಳನ್ನೂ ತೋರುಬೆರಳನ್ನೂ ಸೇರಿಸಿ ತೋರಿಸಿದೆ. ನಡುವೆ ಏನೂ ಹಿಡಿಯದಷ್ಟು, ಒಂದು ಚಿಟಿಕೆ.